ಐರಿಷ್ ನುಂಗಿದ 'ಪ', ನಾವು ನಗೋ 'ಆಲು'

ಸಂಸ್ಕೃತದಲ್ಲಿ ಪಿತೃ, ಲ್ಯಾಟಿನ್‌ನಲ್ಲಿ ಪಾತೆರ್, ಇಂಗ್ಲಿಷ್‌ನಲ್ಲಿ ಫಾದರ್. ಇವೆಲ್ಲ ಒಂದೇ ಮನೆಯ ಪದಗಳು ಅಂತ ಎಲ್ಲೋ ಕೇಳಿರ್ತೀವಿ. ಅದೇ ಮನೆಯ ಐರಿಷ್ ಭಾಷೆಯಲ್ಲಿ ಮಾತ್ರ ಅಪ್ಪನಿಗೆ 'ಅಹಿರ್' ಅಂತಾರೆ. ಹಾಗಾದ್ರೆ 'ಪ' ಎಲ್ಲಿ ಹೋಯ್ತು?

ಒಂದೇ ಪದದಲ್ಲಿ ಕಳೆದುಹೋಗಿದ್ದರೆ ಆಕಸ್ಮಿಕ ಅನ್ನಬಹುದಿತ್ತು. ಆದರೆ ಮೀನಿಗೆ ಲ್ಯಾಟಿನ್ ಪಿಸ್ಕಿಸ್, ಇಂಗ್ಲಿಷ್ ಫಿಶ್, ಐರಿಷ್ ಈಯಸ್ಕ್. ತುಂಬಿದ್ದಕ್ಕೆ ಸಂಸ್ಕೃತ ಪೂರ್ಣ, ಇಂಗ್ಲಿಷ್ ಫುಲ್, ಐರಿಷ್ ಲಾನ್. ಇಂಗ್ಲಿಷ್ ಸೇರಿದ ಜರ್ಮ್ಯಾನಿಕ್ ಶಾಖೆ 'ಪ'ವನ್ನು 'ಫ' ಮಾಡಿಕೊಂಡಿತು; 1822ರಲ್ಲಿ ಯಾಕೊಬ್ ಗ್ರಿಮ್ ಇದನ್ನ ನಿಯಮವಾಗಿ ಬರೆದಿಟ್ಟ. ಐರಿಷ್ ಸೇರಿದ ಕೆಲ್ಟಿಕ್ ಶಾಖೆ ಅದನ್ನ ನುಂಗೇಬಿಟ್ಟಿತು. ಎಷ್ಟರ ಮಟ್ಟಿಗೆ ಅಂದ್ರೆ, ಈಸ್ಟರ್ ಹಬ್ಬದ ಲ್ಯಾಟಿನ್ ಹೆಸರು 'ಪಾಸ್ಕ' ಐರ್ಲೆಂಡಿಗೆ ಬಂದಾಗ ಅಲ್ಲಿನವರ ನಾಲಿಗೆಗೆ 'ಪ' ಒಗ್ಗದೆ ಅದು 'ಕಾಶ್ಕ್' ಆಯ್ತು. ಇವತ್ತಿಗೂ ಹಾಗೇ ಇದೆ.

ನುಂಗಿದ್ದು ಒಂದೇ ಏಟಿಗಲ್ಲ. ತುಟಿಗಳ ಬಿಗಿ ಸಡಿಲವಾಗಿ ಮೊದಲು 'ಫ'ದಂಥ ಸದ್ದು, ಆಮೇಲೆ ಬರೀ ಉಸಿರಿನ 'ಹ', ಕೊನೆಗೆ ಏನೂ ಇಲ್ಲ. ಭಾಷಾವಿಜ್ಞಾನಿಗಳು ಕಟ್ಟಿಕೊಡೋ ಹಾದಿ ಇದು.

ಎಲ್ಲೋ ನೋಡಿದ ಹಾಗಿದೆಯಲ್ವಾ? ಪಂಪನ ಕಾಲದಲ್ಲಿ 'ಪಾಲ್', 'ಪೂ'. ನಮ್ಮ ಪುಸ್ತಕಗಳಲ್ಲಿ 'ಹಾಲು', 'ಹೂವು'. ಹಳೇ ಮೈಸೂರು ಕಡೆಯ ಎಷ್ಟೋ ಹಳ್ಳಿಗಳಲ್ಲಿ 'ಆಲು', 'ಊವು'. ಐರಿಷ್‌ಗೂ ಕನ್ನಡಕ್ಕೂ ನೆಂಟಸ್ತಿಕೆ ಇಲ್ಲ. ಮನುಷ್ಯರ ಬಾಯಿ ಎಲ್ಲ ಕಡೆ ಒಂದೇ, ಅಷ್ಟೇ.

ಅದಕ್ಕೇ ಹಾಸ್ಟೆಲ್‌ನಲ್ಲಿ ಯಾರಾದ್ರೂ 'ಆಲು' ಅಂದಾಗ 'ಇವನಿಗೆ ಹಕಾರ ಬರಲ್ಲ' ಅಂತ ನಗೋದನ್ನ ನಿಲ್ಲಿಸಬೇಕು ಅಂತೀನಿ. 'ಪಾಲು' ಬಿಟ್ಟು 'ಹಾಲು' ಅಂದ ನಾವು ಅದೇ ದಾರೀಲಿ ಅರ್ಧ ನಡೆದು ನಿಂತವರು. ಅವನು ಮುಂದೆ ಹೋಗಿದ್ದಾನೆ. ಅರ್ಧ ನಡೆದದ್ದು ಶುದ್ಧ, ಪೂರ್ತಿ ನಡೆದದ್ದು ಅಶುದ್ಧ ಅನ್ನೋಕೆ ಆಧಾರ ಏನು?

ಬರೆಯೋವಾಗ 'ಹಾಲು' ಅಂತಲೇ ಬರೀಬೇಕು, ಒಪ್ಪಿದೆ. ಎಲ್ಲರಿಗೂ ತಿಳೀಬೇಕಾದ್ರೆ ಬರಹಕ್ಕೊಂದು ಒಪ್ಪಂದ ಬೇಕು. ಆದರೆ ಆ ಒಪ್ಪಂದ ಬುದ್ಧಿಯನ್ನ ಅಳೆಯೋ ಸ್ಕೇಲ್ ಅಲ್ಲ. ವಿಷಯ ಚೆನ್ನಾಗಿ ಗೊತ್ತಿದ್ದೂ ಈ ನಗುವಿಗೆ ಹೆದರಿ ಸೆಮಿನಾರ್‌ನಲ್ಲಿ ಬಾಯಿ ಬಿಡದೆ ಕೂರೋರು ನಮ್ಮ ಮಧ್ಯೆ ಇದ್ದಾರೆ. ನಷ್ಟ ಅವರಿಗೊಬ್ಬರಿಗೇ ಅಲ್ಲ, ಕೇಳೋಕೆ ಕೂತ ನಮಗೂ.

ಐರಿಷ್ ಮಕ್ಕಳು 'ಅಹಿರ್' ಅಂತಲೇ ಅಪ್ಪನ ಪದ ಕಲೀತಾರೆ. 'ಪ' ಎಲ್ಲಿ ಬಿಟ್ಟೆ ಅಂತ ಅವರನ್ನ ಯಾರೂ ಕೇಳಲ್ಲ.