ವೇಳಾಪಟ್ಟಿಯ ಹೊಣೆ ಕಾಲೇಜಿನದಾಗಲಿ

ಬೋಧನಾಭ್ಯಾಸದ ವೇಳಾಪಟ್ಟಿಯನ್ನು ನಾವು ಗೂಗಲ್ ಶೀಟ್ಸ್‌ನಲ್ಲಿ ಮಾಡಿಕೊಳ್ಳುತ್ತೇವೆ. ಯಾರು, ಯಾವ ಶಾಲೆ, ಎಷ್ಟನೇ ಅವಧಿ, ಯಾವ ಪಾಠ, ವೀಕ್ಷಣೆಗೆ ಯಾವ ಉಪನ್ಯಾಸಕರು ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ತೆರೆದು ನೋಡಿದವರಿಗಷ್ಟೇ ಅದರಿಂದ ಉಪಯೋಗ. ಆದ್ದರಿಂದ ಪ್ರತಿಯೊಬ್ಬರೂ ತಮ್ಮ ಸಾಲನ್ನು ಡೈರಿಗೋ ಮೊಬೈಲಿಗೋ ಬರೆದುಕೊಳ್ಳುತ್ತಾರೆ. ಬದಲಾವಣೆಗಳು ವಾಟ್ಸ್ಆ್ಯಪ್ ಗುಂಪಿನಲ್ಲಿ ಬರುತ್ತವೆ. ವಾರ ಕಳೆಯುವಷ್ಟರಲ್ಲಿ ಒಂದೇ ವೇಳಾಪಟ್ಟಿಗೆ ಮೂರು ರೂಪಗಳಾಗಿರುತ್ತವೆ. ಶೀಟನ್ನು ಗೂಗಲ್ ಕ್ಯಾಲೆಂಡರ್‌ಗೆ ಜೋಡಿಸಬೇಕು, ಆ ಜೋಡಣೆ ಕಾಲೇಜಿನ ಹೆಸರಿನಲ್ಲೇ ಇರಬೇಕು ಎಂಬುದು ನನ್ನ ಅಭಿಪ್ರಾಯ.

ಇದು ಬರೀ ಅನುಕೂಲದ ಮಾತಲ್ಲ. ಎನ್‌ಸಿಟಿಇಯ 2014ರ ನಿಯಮಾವಳಿಯಂತೆ ಎರಡು ವರ್ಷದ ಬಿ.ಇಡಿ.ಯಲ್ಲಿ ಶಾಲಾ ಇಂಟರ್ನ್‌ಶಿಪ್ ಕನಿಷ್ಠ 20 ವಾರಗಳದ್ದು. ಅಷ್ಟು ದಿನವೂ ನಾವು ಬಳಸುವುದು ಬೇರೆಯವರ ಅವಧಿಯನ್ನು. ತರಗತಿಯ ಶಿಕ್ಷಕರು ಒಂದು ಪಾಠವನ್ನು ನಮಗೆಂದು ಉಳಿಸಿರುತ್ತಾರೆ. ಅಂದು ಪ್ರಶಿಕ್ಷಣಾರ್ಥಿ ಬಾರದಿದ್ದರೆ ನಮಗೆ ಇನ್ನೊಂದು ದಿನ ಸಿಗುತ್ತದೆ, ಮಕ್ಕಳಿಗೆ ಆ ಅವಧಿ ಮರಳಿ ಸಿಗುವುದಿಲ್ಲ.

ಜೋಡಣೆಗೆ ಎರಡು ದಾರಿಗಳಿವೆ. ಮೊದಲನೆಯದು ಶೀಟನ್ನು ಸಿಎಸ್‌ವಿ ಕಡತವಾಗಿ ಇಳಿಸಿಕೊಂಡು ಕ್ಯಾಲೆಂಡರ್‌ಗೆ ಇಂಪೋರ್ಟ್ ಮಾಡುವುದು. ಇದನ್ನು ಕಂಪ್ಯೂಟರಿನಲ್ಲೇ ಮಾಡಬೇಕು, ಮೊಬೈಲ್ ಆ್ಯಪ್‌ನಲ್ಲಿ ಆಗದು. ಕಲಂಗಳ ಶೀರ್ಷಿಕೆಗಳು ಸಬ್ಜೆಕ್ಟ್, ಸ್ಟಾರ್ಟ್ ಡೇಟ್, ಸ್ಟಾರ್ಟ್ ಟೈಮ್ ಎಂದು ಇಂಗ್ಲಿಷ್‌ನಲ್ಲೇ ಇರಬೇಕು. ದಿನಾಂಕದ ಬಗ್ಗೆ ವಿಶೇಷ ಎಚ್ಚರ ಬೇಕು. ನಾವು 3/12 ಎಂದರೆ ಡಿಸೆಂಬರ್ 3. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಕ್ರಮದಲ್ಲಿ ಓದಿದರೆ ಅದೇ ಪಾಠ ಮಾರ್ಚ್ 12ಕ್ಕೆ ಹೋಗಿ ಕೂರುತ್ತದೆ. ಅದಕ್ಕಿಂತ ದೊಡ್ಡ ಕೊರತೆಯೆಂದರೆ ಇಂಪೋರ್ಟ್ ಒಂದು ಸಲದ ಕೆಲಸ. ಆಮೇಲೆ ಶೀಟಿನಲ್ಲಿ ತಿದ್ದಿದ್ದು ಕ್ಯಾಲೆಂಡರ್‌ಗೆ ಹೋಗುವುದಿಲ್ಲ. ಮತ್ತೆ ಇಂಪೋರ್ಟ್ ಮಾಡಿದರೆ ಒಂದೇ ಪಾಠ ಎರಡೆರಡು ಸಲ ಕಾಣಿಸಿಕೊಳ್ಳಬಹುದು.

ಎರಡನೆಯ ದಾರಿ ಆ್ಯಪ್ಸ್ ಸ್ಕ್ರಿಪ್ಟ್. ಶೀಟಿನ ಎಕ್ಸ್‌ಟೆನ್ಶನ್ಸ್ ಮೆನುವಿನಲ್ಲೇ ಅದು ಸಿಗುತ್ತದೆ. ಚಿಕ್ಕದೊಂದು ಪ್ರೋಗ್ರಾಮ್ ಪ್ರತಿ ಸಾಲನ್ನೂ ಓದಿ ಕ್ಯಾಲೆಂಡರ್‌ನಲ್ಲಿ ನಮೂದು ಮಾಡುತ್ತದೆ. ಆ ನಮೂದಿನ ಗುರುತಿನ ಸಂಖ್ಯೆಯನ್ನು ಅದೇ ಸಾಲಿನ ಕೊನೆಯ ಕಲಂನಲ್ಲಿ ಬರೆದಿಡುವಂತೆ ಮಾಡಬೇಕು. ಆಗ ಮುಂದಿನ ಸಲ ಹೊಸದನ್ನು ಸೃಷ್ಟಿಸದೆ ಹಳೆಯದನ್ನೇ ತಿದ್ದಬಹುದು. ಪಾಠ ರದ್ದಾದರೆ ಸಾಲನ್ನೇ ಅಳಿಸಬಾರದು. ಸಾಲಿನ ಜೊತೆ ಗುರುತಿನ ಸಂಖ್ಯೆಯೂ ಹೋಗಿ, ರದ್ದಾದ ಪಾಠ ಕ್ಯಾಲೆಂಡರ್‌ನಲ್ಲಿ ಉಳಿದುಬಿಡುತ್ತದೆ. ‘ಸ್ಥಿತಿ’ ಎಂಬ ಕಲಂನಲ್ಲಿ ‘ರದ್ದು’ ಎಂದು ಬರೆದರೆ ಅದನ್ನು ನೋಡಿ ನಮೂದನ್ನು ತೆಗೆಯುವಂತೆ ಸ್ಕ್ರಿಪ್ಟ್ ಬರೆಯಬಹುದು.

ಇಷ್ಟನ್ನು ಕಂಪ್ಯೂಟರ್ ಬಲ್ಲ ಯಾವ ಪ್ರಶಿಕ್ಷಣಾರ್ಥಿಯೂ ಮಾಡಬಲ್ಲ. ತೊಡಕು ಇರುವುದೂ ಅಲ್ಲಿಯೇ. ತಾನಾಗಿ ನಡೆಯುವ ಸ್ಕ್ರಿಪ್ಟ್, ಅದನ್ನು ಚಾಲನೆಗೆ ಇಟ್ಟವರ ಖಾತೆಯ ಅನುಮತಿಯಲ್ಲೇ ನಡೆಯುತ್ತದೆ. ಅವರು ಪದವಿ ಮುಗಿಸಿ ಹೋದ ಮೇಲೆ ಆ ಖಾತೆಗೆ ಶೀಟಿನ ಹಕ್ಕು ತಪ್ಪಿದರೆ ಜೋಡಣೆ ಸದ್ದಿಲ್ಲದೆ ನಿಲ್ಲುತ್ತದೆ. ಮುಂದಿನ ವರ್ಷದವರು ಮತ್ತೆ ಮೊದಲಿನಿಂದ ಶುರುಮಾಡಬೇಕು. ಆದ್ದರಿಂದ ಶೀಟ್, ಸ್ಕ್ರಿಪ್ಟ್, ಕ್ಯಾಲೆಂಡರ್ ಮೂರೂ ಕಾಲೇಜಿನ ಖಾತೆಯಲ್ಲಿರಲಿ. ತಿದ್ದುವ ಹಕ್ಕು ಬೋಧನಾಭ್ಯಾಸದ ಉಸ್ತುವಾರಿ ಉಪನ್ಯಾಸಕರಿಗೂ ಒಬ್ಬ ವಿದ್ಯಾರ್ಥಿ ಪ್ರತಿನಿಧಿಗೂ ಇದ್ದರೆ ಸಾಕು, ಉಳಿದವರಿಗೆ ನೋಡಲು ಮಾತ್ರ.

ಯಂತ್ರಕ್ಕೆ ಊರು ಗೊತ್ತಿಲ್ಲ ಎಂಬುದನ್ನೂ ಮರೆಯಬಾರದು. ಬಸವನಗುಡಿಯ ಶಾಲೆಗೆ ಪಾಠ ಹಾಕುವಾಗ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ಎಂಬುದು ನೆನಪಿರಬೇಕು. ಅದು ಚಾಂದ್ರಮಾನದ ಲೆಕ್ಕ, ಪ್ರತಿ ವರ್ಷ ದಿನಾಂಕ ಬೇರೆ. ಅಂದು ಬುಲ್ ಟೆಂಪಲ್ ರಸ್ತೆಯ ಜನಜಂಗುಳಿ ದಾಟಿ, ಕೈಯಲ್ಲಿ ಚಾರ್ಟು ಮಾದರಿಗಳನ್ನು ಹಿಡಿದು ಮಲ್ಲೇಶ್ವರದಿಂದ ಬರುವವರು ಮೊದಲ ಅವಧಿಗೆ ತಲುಪುವುದು ಕಷ್ಟ. ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ನೋಡಿ ಇಂಥ ದಿನಗಳನ್ನು ಶೀಟಿಗೆ ಸೇರಿಸುವವರು ಮನುಷ್ಯರೇ ಆಗಬೇಕು. ಶಾಲೆಯ ಕಿರುಪರೀಕ್ಷೆ, ಕ್ರೀಡಾಕೂಟಗಳ ವಿಷಯವೂ ಹೀಗೆಯೇ. ಮುಖ್ಯೋಪಾಧ್ಯಾಯರನ್ನು ಕೇಳದೆ ತುಂಬಿದ ಶೀಟ್ ಎಷ್ಟು ಚೆನ್ನಾಗಿ ಜೋಡಣೆಯಾದರೂ ತಪ್ಪನ್ನೇ ಎಲ್ಲರಿಗೂ ಹಂಚುತ್ತದೆ.

‘ವಾಟ್ಸ್ಆ್ಯಪ್ ಸಾಲದೇ?’ ಎನ್ನುವವರಿದ್ದಾರೆ. ಸುದ್ದಿ ಮುಟ್ಟಿಸಲು ಅದು ಸಾಕು. ಆದರೆ ಅಲ್ಲಿ ಸೋಮವಾರದ ಬದಲಾವಣೆ ಬುಧವಾರದ ಶುಭಾಶಯಗಳ ಕೆಳಗೆ ಹೂತುಹೋಗುತ್ತದೆ. ಶಾಲೆಯ ಹಿರಿಯ ಶಿಕ್ಷಕರು ಮೊಬೈಲ್ ನೋಡುವುದಿಲ್ಲ ಎಂಬ ಆಕ್ಷೇಪಕ್ಕೆ ಅರ್ಥವಿದೆ. ಅದೇ ಶೀಟನ್ನು ಪ್ರತಿ ಶನಿವಾರ ಮುದ್ರಿಸಿ ಶಿಕ್ಷಕರ ಕೊಠಡಿಯಲ್ಲಿ ಅಂಟಿಸಿದರಾಯಿತು. ಮಕ್ಕಳ ಹೆಸರು, ಅಂಕ, ನಮ್ಮ ಪಾಠದ ಮೇಲಿನ ಟೀಕೆ-ಟಿಪ್ಪಣಿಗಳು ಮಾತ್ರ ಈ ಶೀಟಿಗೆ ಬರಕೂಡದು. ಹತ್ತಾರು ಮೊಬೈಲುಗಳಲ್ಲಿ ಕಾಣುವ ಜಾಗ ಅವಕ್ಕೆ ತಕ್ಕುದಲ್ಲ.

ಮುಂದಿನ ತಂಡ ಶಾಲೆಗಳಿಗೆ ಹೋಗುವ ಮೊದಲು ಒಂದು ಶಾಲೆಗಾದರೂ ಇದನ್ನು ಮಾಡಿನೋಡಬೇಕೆಂದು ವಿನಂತಿ. ಬದಲಾವಣೆ ಒಂದೇ ಕಡೆ ಆಗಲಿ, ಎಲ್ಲರಿಗೂ ಅಲ್ಲಿಂದಲೇ ತಲುಪಲಿ.