ಮೊಸಳೆ ಕಾಣದಿರಲೆಂದು ಹರಕೆ ಹೊತ್ತವರು

ದೇವದುರ್ಗದ ಕಡೆ ಕೃಷ್ಣೆಯ ದಂಡೆಯಲ್ಲಿ ತೆಪ್ಪ ಹಾಕುವ ಹಿರಿಯರೊಬ್ಬರ ಜೊತೆ ಮಾತಿಗೆ ಕೂತಿದ್ದೆ. ಆಫ್ರಿಕಾದ ದಕ್ಷಿಣದಲ್ಲಿ ಚೋಬೆ, ಝಾಂಬೆಜಿ ಅಂತ ಹೊಳೆಗಳಿವೆ, ಜನ ವಿಮಾನ ಹತ್ತಿ ಬಂದು, ಕೈತುಂಬ ದುಡ್ಡು ಕೊಟ್ಟು, ದೋಣಿಯಲ್ಲಿ ಕೂತು ಮೊಸಳೆ ನೋಡಿ ಹೋಗುತ್ತಾರೆ ಅಂದೆ. ಅವರು ಹುಟ್ಟು ಕೆಳಗಿಟ್ಟು ನನ್ನ ಮುಖ ನೋಡಿದರು. “ಮಸಳಿ ನೋಡಾಕ ರೊಕ್ಕ ಕೊಡ್ತಾರೇನ್ರಿ? ನಾವು ಅದು ಕಣ್ಣಿಗೆ ಬೀಳಬಾರದು ಅಂತ ಗಂಗಮ್ಮಗ ಹರಕಿ ಹೊರ್ತೀವಿ.”

ಆ ಮಾತು ನನ್ನನ್ನು ಬಹಳ ದಿನ ಬಿಡಲಿಲ್ಲ. ಒಂದೇ ಪ್ರಾಣಿ. ಒಬ್ಬರು ಅದನ್ನು ಕಾಣಲೆಂದು ಸಾವಿರಾರು ಮೈಲಿ ಬರುತ್ತಾರೆ, ಇನ್ನೊಬ್ಬರು ಕಾಣದಿರಲೆಂದು ಹರಕೆ ಹೊರುತ್ತಾರೆ. ಹಾಗಾದರೆ ಆ ಪ್ರಾಣಿ ಉಳಿಯಬೇಕೋ, ಹೇಗೆ ಉಳಿಯಬೇಕೋ ಎಂಬುದನ್ನು ಹೇಳುವ ಮೊದಲ ಹಕ್ಕು ಯಾರದು? ಅದರ ಜೊತೆ ಬಾಳುವವರದೇ ಎಂದು ನಾನು ನಂಬುತ್ತೇನೆ. ಪ್ರಾಣಿಯ ಉಳಿವಿಗೂ ಅದೇ ಗಟ್ಟಿ ದಾರಿ.

ಸಫಾರಿ ಎಂಬ ಪದವನ್ನೇ ನೋಡಿ. ಅದು ಪೂರ್ವ ಆಫ್ರಿಕಾದ ಸ್ವಾಹಿಲಿಯಿಂದ ಜಗತ್ತಿಗೆ ಹೋದದ್ದು, ಸ್ವಾಹಿಲಿಗೆ ಅರಬ್ಬಿಯಿಂದ ಬಂದದ್ದು. ಅದೇ ಅರಬ್ಬಿ ಪದ ರಾಯಚೂರಿನ ದಖನಿ ಮಾತಿನಲ್ಲಿ ‘ಸಫರ್’ ಆಗಿ ಇಂದಿಗೂ ಇದೆ. ಅದರ ಅರ್ಥ ಬರೀ ಪ್ರಯಾಣ. ಹುಲಿ, ಆನೆ, ಜೀಪು ಯಾವುದೂ ಅದರೊಳಗಿಲ್ಲ. ಪ್ರಯಾಣ ಅಂದಮೇಲೆ ದಾರಿಯ ಊರು, ಊರಿನ ಜನ, ಹೊಳೆ ದಾಟಿಸುವ ಅಂಬಿಗ ಎಲ್ಲರೂ ಬರಬೇಕು. ಪದ ದೂರ ಹೋಗಿ ತಿರುಗಿ ಬರುವಷ್ಟರಲ್ಲಿ ಅವರೆಲ್ಲ ಬಿಟ್ಟುಹೋಗಿ ಪ್ರಾಣಿಯೊಂದೇ ಉಳಿಯಿತು.

ನಮ್ಮ ರಾಯಚೂರು ಜಿಲ್ಲೆ ಎರಡು ಹೊಳೆಗಳ ನಡುವಿನ ದೋಆಬ್. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಮಾನವಿಯವರಿಗೆ ತುಂಗಭದ್ರೆಯ ಎಡದಂಡೆ ಕಾಲುವೆ ಅನ್ನ ಕೊಟ್ಟಿದೆ, ದೇವದುರ್ಗದವರಿಗೆ ನಾರಾಯಣಪುರದ ಬಲದಂಡೆ ಕಾಲುವೆ. ಬಂಡೀಪುರದಂಥ ಕಾಡು ಇಲ್ಲಿಲ್ಲ. ಆದರೆ ಕೃಷ್ಣೆಯ ಮಡುಗಳಲ್ಲಿ ಮೊಸಳೆ ಇದೆ, ಎರೆಹೊಲಗಳಲ್ಲಿ ಚಿಗರಿ ಇದೆ, ತುಂಗಭದ್ರೆಯಲ್ಲಿ ನೀರುನಾಯಿ ಇದೆ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ಹೊಳೆಯನ್ನು ಸರ್ಕಾರ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಕೃಷ್ಣೆಯ ಮೊಸಳೆಗೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ರಕ್ಷಣೆ ಇದೆ, ಅಂದರೆ ಹುಲಿಗೆ ಇರುವಷ್ಟೇ. ಚರ್ಮಕ್ಕಾಗಿ ಕೊಂದು ಕೊಂದು ಅದರ ಸಂತತಿ ಕುಸಿದಿದ್ದರಿಂದಲೇ 1975ರಲ್ಲಿ ದೇಶದಲ್ಲಿ ಮೊಸಳೆ ಯೋಜನೆ ಆರಂಭವಾದದ್ದು.

ಕಾಯ್ದೆ ಮೊಸಳೆಯನ್ನು ಕಾಯಿತು. ಹೊಳೆಗಿಳಿಯುವವರನ್ನು ಕಾಯುವ ಕೆಲಸ ಮಾತ್ರ ಯಾರ ಪಾಲಿಗೂ ಬರಲಿಲ್ಲ. ಬಟ್ಟೆ ಒಗೆಯಲು ಇಳಿದ ಹೆಣ್ಣುಮಗಳು, ದನದ ಮೈತೊಳೆಯಲು ಹೋದ ಹುಡುಗ, ಕರೆಂಟು ಬಂತೆಂದು ನಟ್ಟಿರುಳಲ್ಲಿ ಪಂಪ್‌ಸೆಟ್ ಚಾಲು ಮಾಡಲು ನೀರಂಚಿಗೆ ನಡೆದ ರೈತ, ಬಲೆ ಬೀಸುವ ಮೀನುಗಾರ: ಅಪಾಯ ಇವರಿಗೆ. ನಾರಾಯಣಪುರದ ಅಣೆಕಟ್ಟಿನಿಂದ ನೀರು ಬಿಟ್ಟು ಹೂವಿನಹೆಡಗಿ ಸೇತುವೆ ಮುಳುಗಿದ ವರ್ಷಗಳಲ್ಲಿ ಮೊಸಳೆ ಹಳ್ಳ ಹಿಡಿದು ಹೊಲದವರೆಗೂ ಬರುತ್ತದೆ. ರಾಯಚೂರು ತಾಲೂಕಿನ ಕುರ್ವಕುಲ, ಕುರ್ವಕುರ್ದದಂಥ ನಡುಗಡ್ಡೆಯ ಊರುಗಳವರಿಗೆ ಆಸ್ಪತ್ರೆ, ಸಂತೆ, ಶಾಲೆ ಯಾವುದಕ್ಕೇ ಆದರೂ ಹೊಳೆ ದಾಟಬೇಕು. ಅವರು ಸೇತುವೆ ಕೇಳುತ್ತ ಬಂದು ದಶಕಗಳೇ ಕಳೆದವು.

ಮೊಸಳೆಯ ಕಡೆಯಿಂದಲೂ ನೋಡಬೇಕು. ಅದು ಬೇಸಿಗೆಯ ಮುನ್ನ ಮರಳು ದಿಬ್ಬದಲ್ಲಿ ಕುಳಿ ತೋಡಿ ಇಪ್ಪತ್ತೈದು ಮೂವತ್ತು ಮೊಟ್ಟೆ ಇಡುತ್ತದೆ. ಸುಮಾರು ಎರಡು ತಿಂಗಳು ತಾಯಿ ಆ ಜಾಗ ಬಿಟ್ಟು ದೂರ ಹೋಗುವುದಿಲ್ಲ. ಮರಿಗಳು ಒಳಗಿನಿಂದ ಕೂಗಿದಾಗ ತಾನೇ ಮರಳು ಕೆದರಿ ಅವನ್ನು ಬಾಯಲ್ಲಿ ಎತ್ತಿಕೊಂಡು ನೀರಿಗೆ ಬಿಡುತ್ತದೆ. ಆ ಹಲ್ಲುಗಳ ನಡುವೆ ಅಷ್ಟು ಮೆತ್ತಗೆ ಹಿಡಿಯುವ ತಾಯಿಯನ್ನು ನೆನೆದರೆ ನನಗೆ ಮೊಸಳೆಯ ಮೇಲೆ ಕೋಪ ಬರುವುದಿಲ್ಲ. ಕೃಷ್ಣೆಯ ಒಡಲಿಂದ ಮರಳು ತುಂಬಿಕೊಂಡು ಲಾರಿಗಳು ಹೋಗುವಾಗ ಆ ಕುಳಿಗಳೂ ಹೋಗುತ್ತವೆ. ಬಿಸಿಲು ಕಾಯಲು, ಮೊಟ್ಟೆ ಇಡಲು ದಿಬ್ಬ ಸಿಗದ ಮೊಸಳೆ ಊರಿನ ದಂಡೆಯನ್ನೇ ಹುಡುಕಬೇಕು. ಮನುಷ್ಯ–ಮೊಸಳೆ ಸಂಘರ್ಷ ಎಂದು ನಾವು ಬರೆಯುವ ಎಷ್ಟೋ ಸಂಗತಿಗಳ ಹಿಂದೆ ಮೂರನೆಯವನೊಬ್ಬ ಇದ್ದಾನೆ. ಅವನು ಹೊಳೆಗೆ ಇಳಿಯುವುದೂ ಇಲ್ಲ.

ಆಫ್ರಿಕಾದ ದಕ್ಷಿಣದ ಅಭಯಾರಣ್ಯಗಳೆಂದರೆ ಆದಿಕಾಲದಿಂದ ಮನುಷ್ಯರಿಲ್ಲದ ಕಾಡು ಎಂಬ ಚಿತ್ರ ನಮ್ಮ ತಲೆಯಲ್ಲಿದೆ. ಅದು ನಿಜವಲ್ಲ. ದಕ್ಷಿಣ ಆಫ್ರಿಕಾದ ಕ್ರೂಗರ್ ಉದ್ಯಾನ 1926ರಲ್ಲಿ ಸ್ಥಾಪನೆಯಾಯಿತು, ವಿಸ್ತಾರದಲ್ಲಿ ನಮ್ಮ ಜಿಲ್ಲೆಯ ಎರಡು ಪಟ್ಟಿಗೂ ಹೆಚ್ಚು. ಅದರ ಉತ್ತರ ತುದಿಯಲ್ಲಿ ಲುವುವು, ಲಿಂಪೊಪೊ ಹೊಳೆಗಳು ಕೂಡುವಲ್ಲಿ ಮಕುಲೆಕೆ ಸಮುದಾಯ ಬದುಕಿತ್ತು. 1969ರಲ್ಲಿ ವರ್ಣಭೇದದ ಸರ್ಕಾರ ಅವರನ್ನು ಬಲವಂತದಿಂದ ಎಬ್ಬಿಸಿ ಆ ನೆಲವನ್ನು ಉದ್ಯಾನಕ್ಕೆ ಸೇರಿಸಿತು.

ಝಾಂಬಿಯಾ, ಝಿಂಬಾಬ್ವೆಗಳ ನಡುವಿನ ಕರೀಬಾ ಸರೋವರದ ಕಥೆ ನಮಗೆ ಇನ್ನೂ ಹತ್ತಿರದ್ದು. ಅದು 1950ರ ದಶಕದ ಕೊನೆಗೆ ಝಾಂಬೆಜಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ನೀರು ಏರುವಾಗ ‘ನೋವಾ’ ಎಂಬ ಹೆಸರಿನ ಕಾರ್ಯಾಚರಣೆ ನಡೆಸಿ, ಮುಳುಗುತ್ತಿದ್ದ ಗುಡ್ಡಗಳಿಂದ ಸುಮಾರು 6000 ಪ್ರಾಣಿಗಳನ್ನು ದೋಣಿಗಳಲ್ಲಿ ದಾಟಿಸಿದರು. ಲೋಕವೆಲ್ಲ ಅದನ್ನು ಕೊಂಡಾಡಿತು. ಅದೇ ಕಣಿವೆಯಿಂದ ಟೋಂಗಾ ಜನ ಸುಮಾರು 57,000 ಮಂದಿ ಮನೆಮಾರು ಬಿಟ್ಟು ಏಳಬೇಕಾಯಿತು. ಅವರ ಹೊಳೆಯ ದೇವರು ನ್ಯಾಮಿನ್ಯಾಮಿಯ ಹೆಸರನ್ನು ಕೇಳಿದವರೇ ಕಡಿಮೆ. ಇಂದು ಕರೀಬಾದ ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆ, ಕಾಡೆಮ್ಮೆಗಳು ಬರುತ್ತವೆ, ಪ್ರವಾಸಿಗರು ದೋಣಿಯಿಂದ ನೋಡುತ್ತಾರೆ. ಕಬಿನಿಯಲ್ಲಿ ಬೇಸಿಗೆಗೆ ನಡೆಯುವುದೂ ಇದೇ. ಆ ಹಿನ್ನೀರೂ 1974ರ ಅಣೆಕಟ್ಟಿನದು, ಅದರ ಕೆಳಗೂ ಊರುಗಳಿದ್ದವು.

ಕಬಿನಿಯ ಮಾತು ಬಂದಾಗ 2025ರ ನವೆಂಬರ್ ನೆನಪಾಗುತ್ತದೆ. ಸರಗೂರು, ಎಚ್.ಡಿ.ಕೋಟೆ ಭಾಗದಲ್ಲಿ ಹುಲಿ ದಾಳಿಗೆ ರೈತರು ಬಲಿಯಾದ ಮೇಲೆ ರಾಜ್ಯ ಸರ್ಕಾರ ಬಂಡೀಪುರ, ನಾಗರಹೊಳೆಯ ಸಫಾರಿ ನಿಲ್ಲಿಸಿತು. ಜೀಪುಗಳ ಓಡಾಟದಿಂದಲೇ ಹುಲಿ ಹೊರಬಂತೇ ಎಂಬುದು ವಿಜ್ಞಾನಿಗಳು ಹೇಳಬೇಕಾದ ಮಾತು. ನನ್ನ ಗಮನಕ್ಕೆ ಬಂದದ್ದು ಬೇರೆ. ಕಾಡಂಚಿನವರು ಸಫಾರಿ ನಿಲ್ಲಿಸಿ ಎಂದು ಕೂಗಿದರು. ಸಫಾರಿಯ ಗಳಿಕೆಯಲ್ಲಿ ಅವರಿಗೆ ಪಾಲಿದ್ದಿದ್ದರೆ, ಅದರ ಕುರಿತು ಅವರ ಮಾತು ನಡೆಯುವಂತಿದ್ದರೆ, ಕೂಗು ಬೇರೆಯಾಗಿರುತ್ತಿತ್ತು.

ಇದಕ್ಕೆ ಎದುರಾಗಿ ಬಲವಾದ ವಾದವೊಂದಿದೆ. ಪ್ರವಾಸಿಗರ ದುಡ್ಡಿಲ್ಲದಿದ್ದರೆ ಪ್ರಾಣಿಗೆ ಬೆಲೆಯೇ ಇರುವುದಿಲ್ಲ, ಹೊಲ–ಗಣಿಗಳು ಕಾಡನ್ನು ನುಂಗುತ್ತವೆ ಎಂಬುದು. ನಾನು ಇದನ್ನು ತಳ್ಳಿಹಾಕುವುದಿಲ್ಲ. ನಮೀಬಿಯಾ 1996ರಲ್ಲಿ ಕಾನೂನು ತಂದು ಊರಿನವರೇ ಸಂಘ ಕಟ್ಟಿಕೊಂಡು ತಮ್ಮ ನೆಲದ ವನ್ಯಜೀವಿಗಳನ್ನು ನಿರ್ವಹಿಸುವ ಹಕ್ಕು ಕೊಟ್ಟಿತು. ಇಂದು ಅಲ್ಲಿ ಅಂಥ ಎಂಬತ್ತಕ್ಕೂ ಹೆಚ್ಚು ಸಮುದಾಯ ಮೀಸಲುಗಳಿವೆ, ದೇಶದ ನೆಲದ ಸುಮಾರು ಐದರಲ್ಲೊಂದು ಪಾಲು ಅವುಗಳಲ್ಲಿದೆ. ಅವರ ಗಳಿಕೆಯ ಒಂದು ಭಾಗ ಬೇಟೆಯ ಪರವಾನಗಿಗಳಿಂದ ಬರುತ್ತದೆ. ಮೋಜಿಗಾಗಿ ಕೊಲ್ಲುವುದನ್ನು ನನ್ನ ಮನಸ್ಸು ಒಪ್ಪದು. ಆದರೂ ಮಕುಲೆಕೆಯವರ ಉದಾಹರಣೆ ನನಗೆ ಭರವಸೆ ಕೊಟ್ಟಿದೆ. 1998ರಲ್ಲಿ ನೆಲ ಅವರಿಗೆ ಮರಳಿ ಸಿಕ್ಕಿತು. ಉಳುಮೆ ಮಾಡುತ್ತೇವೆ ಎನ್ನಬಹುದಿತ್ತು. ಕಾಡಾಗಿಯೇ ಇರಲಿ ಎಂದರು, ಉದ್ಯಾನದ ಜೊತೆ ಸೇರಿ ನಿರ್ವಹಿಸುತ್ತ ಪ್ರವಾಸಿ ವಸತಿಗಳ ಆದಾಯ ಪಡೆಯುತ್ತಿದ್ದಾರೆ. ದುಡ್ಡು ಅಲ್ಲಿಯೂ ಇದೆ, ಕ್ರೂಗರಿನ ಉಳಿದ ಭಾಗದಲ್ಲಿಯೂ ಇದೆ. ವ್ಯತ್ಯಾಸ ನೆಲ ಯಾರದು ಎಂಬುದರಲ್ಲಿ.

2024ರಲ್ಲಿ ಬೋಟ್ಸ್ವಾನಾದ ಅಂದಿನ ಅಧ್ಯಕ್ಷ ಮೊಕ್ವೀಟ್ಸಿ ಮಸೀಸಿ, 20,000 ಆನೆಗಳನ್ನು ಜರ್ಮನಿಗೆ ಕಳಿಸುತ್ತೇವೆ, ನಮಗೆ ಹೇಳಿದಂತೆ ನೀವೂ ಅವುಗಳ ಜೊತೆ ಬಾಳಿ ನೋಡಿ ಎಂದರು. ಹಲವರು ನಕ್ಕರು. ನನಗೆ ಅದರಲ್ಲಿ ನಮ್ಮ ತೆಪ್ಪದ ಹಿರಿಯರ ದನಿಯೇ ಕೇಳಿತು. ಬೋಟ್ಸ್ವಾನಾದಲ್ಲಿ ಆನೆಗಳು ಸುಮಾರು 1,30,000.

ಮಾನವಿ ಜಗನ್ನಾಥದಾಸರ ಊರು, ಆ ತಾಲೂಕಿನ ಚೀಕಲಪರ್ವಿ ವಿಜಯದಾಸರದು. ದಾಸರ ಈ ಸೀಮೆಯಲ್ಲಿ ಬೆಳೆದ ಮಕ್ಕಳಿಗೆ ಗಜೇಂದ್ರ ಮೋಕ್ಷದ ಕಥೆ ಗೊತ್ತು. ಆನೆಯ ಮೊರೆ ಕೇಳಿ ಹರಿ ಬಂದದ್ದನ್ನು ಎಲ್ಲರೂ ನೆನೆಯುತ್ತೇವೆ. ಆ ಮೊಸಳೆಯೂ ಶಾಪಗ್ರಸ್ತ ಗಂಧರ್ವ, ಅದೇ ಗಳಿಗೆಯಲ್ಲಿ ಅದಕ್ಕೂ ಬಿಡುಗಡೆಯಾಯಿತು ಎಂಬುದನ್ನು ಮರೆಯುತ್ತೇವೆ. ಕೃಷ್ಣೆಯ ದಂಡೆಯಲ್ಲೂ ಇಬ್ಬರಿಗೂ ಒಟ್ಟಿಗೇ ಬಿಡುಗಡೆ ಸಿಗಬೇಕು.

ರಾಯಚೂರಿಗೂ ಮೊಸಳೆ ಸಫಾರಿ ಬರಲಿ ಎಂದು ಯಾರಾದರೂ ಹೇಳಿದರೆ ನನಗೆ ದರೋಜಿ ಕರಡಿಧಾಮ ನೆನಪಾಗುತ್ತದೆ. ಅಲ್ಲಿ ಬಂಡೆಗೆ ಬೆಲ್ಲ, ಜೇನು ಬಳಿದು ಕರಡಿಯನ್ನು ನೋಡುಗರ ಕಣ್ಣೆದುರಿಗೆ ಕರೆಯುತ್ತಾರೆ. ಕರಡಿಗೆ ಹಾಗೆ ಮಾಡಬಹುದು. ಮೊಸಳೆಯನ್ನು ಮೇವು ಹಾಕಿ ದಂಡೆಗೆ ಕರೆದರೆ ಮರುದಿನ ಅದೇ ದಂಡೆಗೆ ಕೊಡ ಹಿಡಿದು ಬರುವವಳ ಗತಿ ಏನು?

ಮೊದಲು ಆಗಬೇಕಾದ ಕೆಲಸಗಳಿಗೆ ಹೊಸ ಸಂಶೋಧನೆ ಬೇಡ. ಒಡಿಶಾದ ಭಿತರ್‌ಕನಿಕದಲ್ಲಿ ಹೊಳೆಯ ಘಾಟುಗಳಿಗೆ ಬೇಲಿ ಹಾಕಿ ಮೊಸಳೆ ಒಳಬರದಂತೆ ಮಾಡಿದ್ದಾರೆ, ಶ್ರೀಲಂಕಾದ ಹೊಳೆಗಳಲ್ಲೂ ಅಂಥ ಬೇಲಿಗಳಿವೆ. ನಮ್ಮ ಪ್ರತಿ ಹೊಳೆದಂಡೆಯ ಊರಿಗೆ ಅಂಥದೊಂದು ಘಾಟು, ಮನೆಗೆ ನಲ್ಲಿ ನೀರು, ಪಂಪ್‌ಸೆಟ್‌ಗೆ ಹಗಲು ಕರೆಂಟು, ನಡುಗಡ್ಡೆಗೆ ಸೇತುವೆ, ಮೊಸಳೆಯ ದಿಬ್ಬಕ್ಕೆ ಮರಳು ಲಾರಿಯಿಂದ ಬಿಡುಗಡೆ ಬೇಕು. ಆಮೇಲೆ ದೂರದವರು ಬಂದು ಮೊಸಳೆ ನೋಡಬೇಕೆಂದರೆ ತೆಪ್ಪದವರೇ ಕರೆದೊಯ್ಯಲಿ, ದರವನ್ನೂ ಅವರೇ ಗೊತ್ತುಮಾಡಲಿ. ಬೋಟ್ಸ್ವಾನಾದ ಒಕಾವಾಂಗೊ ಜವುಗಿನಲ್ಲಿ ‘ಮೊಕೊರೊ’ ದೋಣಿಗೆ ಗಳ ಹಾಕುವವರು ಅಲ್ಲಿಯ ಊರಿನವರೇ.

ಹೊಳೆ ಹೆಣ್ಣುಮಕ್ಕಳಿಗೆ ಮೊದಲು ಸುರಕ್ಷಿತವಾಗಲಿ. ಆ ಹಿರಿಯರು ಗಂಗಮ್ಮನಿಗೆ ಹೊತ್ತ ಹರಕೆ ತೀರುವವರೆಗೆ ಕೃಷ್ಣೆಗೆ ಸಫಾರಿ ಬೇಡ.