ಆಕಾಶ, ಆಯುಸ್ಸು, ಎದೆಯ ಹಣತೆ

ಒಂದು ಕಾದಂಬರಿ, ಒಂದು ವಿಜ್ಞಾನ ಗ್ರಂಥ, ಒಂದು ಕಥಾ ಸಂಕಲನ: ಈ ವಾರ ಓದಿಗೆ ಎತ್ತಿಕೊಂಡದ್ದು ಮೂರು ಬಗೆಯ ಪುಸ್ತಕಗಳನ್ನು. ಮೂರೂ 2023ರಿಂದೀಚೆಗೆ ಪ್ರಕಟವಾದವು.

ಮೊದಲನೆಯದು ಸಮಂತಾ ಹಾರ್ವೆ ಅವರ 'ಆರ್ಬಿಟಲ್'. 2024ರ ಬೂಕರ್ ಪ್ರಶಸ್ತಿ ಪಡೆದ ಈ ಪುಟ್ಟ ಕಾದಂಬರಿಯಲ್ಲಿ ಕತೆ ಎಂಬುದು ಹೆಚ್ಚಿಲ್ಲ. ಬಾಹ್ಯಾಕಾಶ ನಿಲ್ದಾಣದಲ್ಲಿರುವ ಆರು ಮಂದಿಯ ಒಂದು ದಿನ, ಅಷ್ಟೇ. ಆ ಒಂದು ದಿನದಲ್ಲಿ ಅವರು ಭೂಮಿಯನ್ನು 16 ಸುತ್ತು ಹಾಕುತ್ತಾರೆ. ಜಪಾನಿನ ಚಿಯೆಗೆ ತಾಯಿ ತೀರಿಕೊಂಡ ಸುದ್ದಿ ಬರುತ್ತದೆ, ಇಳಿದು ಹೋಗುವಂತಿಲ್ಲ. ಕೆಳಗೆ ಚಂಡಮಾರುತವೊಂದು ಫಿಲಿಪ್ಪೀನ್ಸಿನತ್ತ ಸಾಗುತ್ತಿದೆ. ಮೇಲಿನವರು ಅದರ ಚಿತ್ರ ತೆಗೆಯಬಲ್ಲರೇ ಹೊರತು ತಡೆಯಲಾರರು. ಅಷ್ಟು ಎತ್ತರದಲ್ಲಿ ಗುರುತ್ವವೇ ಇಲ್ಲವೆಂದು ಮಕ್ಕಳು ಪರೀಕ್ಷೆಯಲ್ಲಿ ಬರೆಯುವುದುಂಟು. ವಾಸ್ತವದಲ್ಲಿ 400 ಕಿ.ಮೀ. ಮೇಲೂ ಅದು ನೆಲದ ಮೇಲಿರುವುದರ ಸುಮಾರು ಶೇ. 89ರಷ್ಟಿರುತ್ತದೆ. ನಿಲ್ದಾಣವೂ ಒಳಗಿರುವವರೂ ಒಟ್ಟಿಗೇ ಬೀಳುತ್ತಿರುವುದರಿಂದ ತೂಕ ತಿಳಿಯದು. ದೂರ ಹೋದವರಿಗೂ ಸೆಳೆತ ತಪ್ಪದು; ಈ ಕಾದಂಬರಿ ಹೇಳುವುದೂ ಅದನ್ನೇ. ಓಡುವ ಕತೆ ಬೇಕೆನ್ನುವವರಿಗೆ ಬೇಸರ ತರಿಸೀತು. ನಿಧಾನವಾಗಿ ಓದುವವರಿಗೆ ಇದು ಹಬ್ಬ.

ಎರಡನೆಯದು ವೆಂಕಿ ರಾಮಕೃಷ್ಣನ್ ಅವರ 'ವೈ ವಿ ಡೈ' (2024). ಚಿದಂಬರದಲ್ಲಿ ಹುಟ್ಟಿ, ಬರೋಡದಲ್ಲಿ ಭೌತವಿಜ್ಞಾನ ಓದಿ, ರೈಬೋಸೋಮ್ ಕುರಿತ ಕೆಲಸಕ್ಕಾಗಿ 2009ರಲ್ಲಿ ರಸಾಯನವಿಜ್ಞಾನದ ನೊಬೆಲ್ ಹಂಚಿಕೊಂಡವರು ಇವರು. ಡಿಎನ್‌ಎಗೆ ಆಗುವ ಹಾನಿ, ವರ್ಣತಂತುವಿನ ತುದಿಯಲ್ಲಿರುವ ಟೆಲೊಮಿಯರ್‌ನ ಸವೆತ, ಕೆಟ್ಟ ಪ್ರೋಟೀನುಗಳು ಜೀವಕೋಶದಲ್ಲಿ ಕಸದಂತೆ ಉಳಿಯುವುದು, ಹೀಗೆ ಮುಪ್ಪಿನ ಕಾರಣಗಳನ್ನು ಒಂದೊಂದಾಗಿ ಬಿಡಿಸಿಡುತ್ತಾರೆ. ನಡುವಿನ ಅಧ್ಯಾಯಗಳಲ್ಲಿ ಪ್ರೋಟೀನುಗಳ ಹೆಸರು ತುಸು ಹೆಚ್ಚಾಯಿತು. ಜೀವಶಾಸ್ತ್ರ ಓದದವರು ಅಲ್ಲಿ ತಾಳ್ಮೆ ತಂದುಕೊಳ್ಳಬೇಕು. ಆದರೆ ಯೌವನ ಮರಳಿಸುತ್ತೇವೆನ್ನುವವರ ಮಾತನ್ನು ಅವರು ಒರೆಗೆ ಹಚ್ಚುವ ರೀತಿ ಒಂದು ಒಳ್ಳೆಯ ಪಾಠ. ಇಲಿಯಲ್ಲಿ ಫಲಿಸಿದ್ದು ಮನುಷ್ಯನಲ್ಲೂ ಫಲಿಸಲೇಬೇಕೆಂದಿಲ್ಲ. ಹಿತಮಿತ ಆಹಾರ, ವ್ಯಾಯಾಮ, ನಿದ್ರೆ ಎಂಬ ಹಳೆಯ ಸಲಹೆಯೇ ಕಡೆಗೂ ನಿಲ್ಲುತ್ತದೆ. ಜಾಹೀರಾತು ನಂಬಿ ಟಾನಿಕ್ಕಿಗೆ ಹಣ ಸುರಿಯುವ ಮುನ್ನ ಇದನ್ನು ಓದಿ.

ಮೂರನೆಯದು 'ಹಾರ್ಟ್ ಲ್ಯಾಂಪ್'. ಹಾಸನದ ವಕೀಲೆ ಬಾನು ಮುಷ್ತಾಕ್ 1990ರಿಂದ 2023ರವರೆಗೆ ಬರೆದ ಕತೆಗಳಲ್ಲಿ 12ನ್ನು ಆರಿಸಿ ದೀಪಾ ಭಾಸ್ತಿ ಇಂಗ್ಲಿಷಿಗೆ ತಂದಿದ್ದಾರೆ. 2025ರಲ್ಲಿ ಇದಕ್ಕೆ ಅಂತರರಾಷ್ಟ್ರೀಯ ಬೂಕರ್ ಬಂತು. ಆ ಗೌರವ ಕನ್ನಡಕ್ಕೂ ಮೊದಲು, ಸಣ್ಣಕತೆಗಳ ಸಂಕಲನಕ್ಕೂ ಮೊದಲು. ಶೀರ್ಷಿಕೆಯ ಕತೆಯಲ್ಲಿ, ಗಂಡ ಬೇರೊಬ್ಬಳ ಹಿಂದೆ ಹೋದನೆಂದು ಮೆಹರುನ್ ತವರಿಗೆ ಬರುತ್ತಾಳೆ. ತವರಿನವರಿಗೆ ಮನೆತನದ ಮರ್ಯಾದೆಯೇ ದೊಡ್ಡದು. ಅವಳನ್ನು ಮತ್ತೆ ಅಲ್ಲಿಗೇ ಬಿಟ್ಟು ಬರುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡವಳನ್ನು ತಡೆಯುವುದು ಒಡಹುಟ್ಟಿದವರಲ್ಲ, ಕೂಸನ್ನೆತ್ತಿಕೊಂಡು ಓಡಿ ಬರುವ ಹಿರಿಮಗಳು. ಕೆಲವು ಕತೆಗಳ ಗಂಡಸರು ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಕಾಣುತ್ತಾರೆಂಬ ತಕರಾರು ನನ್ನದು. ಆದರೆ ಈ ಕತೆಗೆ ತಕರಾರಿಲ್ಲ.

ಕನ್ನಡ ಬಲ್ಲವರು ಇವನ್ನು ಇಂಗ್ಲಿಷಿನಲ್ಲಿ ಓದಿ ತಲೆದೂಗಿದರೆ ಸಾಲದು, ಮೂಲವನ್ನು ಹುಡುಕಿ ಓದಬೇಕು. ಮೂರರಲ್ಲಿ ಒಂದಕ್ಕೇ ಹಣವಿದೆ ಎನ್ನುವವರಿಗೆ ನಾನು ಹೇಳುವುದು ಬಾನು ಅವರ ಕತೆಗಳನ್ನೇ. ಹೆಣ್ಣುಮಕ್ಕಳನ್ನು ಮದುವೆ ಮಾಡಿ ಕಳುಹಿಸಿದವರು ಮೊದಲು ಓದಲಿ. ತವರಿನ ಬಾಗಿಲು ಯಾವಾಗ ತೆರೆದಿರಬೇಕೆಂಬುದು ತಿಳಿದೀತು.